ಕೈಯಲ್ಲಿ ಪ್ರವಾಹ, ಕಾಲಲ್ಲಿ ಬರ

ಪೊಲೀಸ್ ನೇಮಕಾತಿಯ ಓಟ, ಜಿಗಿತ, ಗುಂಡು ಎಸೆತ ಎಲ್ಲದರಲ್ಲೂ ಪಾಸಾದ ಇಪ್ಪತ್ನಾಲ್ಕರ ಹುಡುಗನೊಬ್ಬ ವೈದ್ಯಕೀಯ ತಪಾಸಣೆಯ ಸಾಲಿನಲ್ಲಿ ನಿಂತಿದ್ದಾನೆ ಎಂದುಕೊಳ್ಳಿ. ಅಗಲವಾದ ಎದೆ, ಗಟ್ಟಿ ತೋಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರೆ ಬಿಪಿ 170/100. ‘ಗಾಬರಿಯಾಗಿರಬೇಕು, ಸ್ವಲ್ಪ ಹೊತ್ತು ಕೂತು ಬಾರಪ್ಪ’ ಎನ್ನುತ್ತಾರೆ ವೈದ್ಯರು. ಕೂತು ಬಂದರೂ ಅಷ್ಟೇ, ಮಾರನೇ ದಿನ ಬಂದರೂ ಅಷ್ಟೇ. ತನಗೆ ಯಾವ ಕಾಯಿಲೆಯೂ ಇಲ್ಲ ಎಂದು ಹುಡುಗ ಆಣೆ ಹಾಕುತ್ತಾನೆ. ಕೆದಕಿ ಕೇಳಿದರೆ ಮಾತ್ರ ಒಂದೊಂದೇ ಹೊರಬರುತ್ತದೆ: ಆಗಾಗ ತಲೆನೋವು, ಒಮ್ಮೊಮ್ಮೆ ಮೂಗಿನಲ್ಲಿ ರಕ್ತ, ಓಡುವಾಗ ಉಸಿರಿಗಿಂತ ಮೊದಲು ಕಾಲು ಸೋಲುವುದು, ಸದಾ ತಣ್ಣಗಿರುವ ಪಾದ. ಮೂಗಿನ ರಕ್ತಕ್ಕೆ ‘ಉಷ್ಣ’ ಎಂದು ಮನೆಯಲ್ಲಿ ಮಜ್ಜಿಗೆ ಕುಡಿಸಿದ್ದಾರೆ, ತಲೆನೋವಿಗೆ ಕನ್ನಡಕ ಮಾಡಿಸಿದ್ದಾರೆ.

ಇಂಥವನ ಮುಂದೆ ಎರಡು ದಾರಿಗಳಿವೆ. ಒಂದರಲ್ಲಿ ಬಿಪಿ ಮಾತ್ರೆಯ ಚೀಟಿ ಹಿಡಿದು ಮನೆಗೆ ಹೋಗುತ್ತಾನೆ. ಮಾತ್ರೆ ಒಂದಿದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ಮೂರಾಗುತ್ತದೆ, ಬಿಪಿ ಮಾತ್ರ ಬಗ್ಗುವುದಿಲ್ಲ. ಇನ್ನೊಂದರಲ್ಲಿ ವೈದ್ಯರು ಅವನನ್ನು ಮಲಗಿಸಿ, ಒಂದು ಕೈಯ ಬೆರಳುಗಳನ್ನು ಅವನ ಮಣಿಕಟ್ಟಿನ ಮೇಲೂ ಇನ್ನೊಂದು ಕೈಯ ಬೆರಳುಗಳನ್ನು ತೊಡೆಸಂದಿನ ಮೇಲೂ ಇಟ್ಟು, ಎರಡೂ ನಾಡಿಗಳನ್ನು ಒಟ್ಟಿಗೆ ಹಿಡಿದು ನೋಡುತ್ತಾರೆ. ಅವೆರಡೂ ಜೊತೆಯಾಗಿ ಬಡಿಯಬೇಕು. ಇವನಲ್ಲಿ ಕೈಯ ನಾಡಿ ಪುಟಿಯುತ್ತಿದೆ. ತೊಡೆಯ ನಾಡಿ ಇದೆಯೋ ಇಲ್ಲವೋ ಎನ್ನುವಷ್ಟು ಕ್ಷೀಣ, ಅದೂ ಒಂದು ಕ್ಷಣ ತಡವಾಗಿ ಬರುತ್ತಿದೆ. ಅದೇ ಬಿಪಿ ಪಟ್ಟಿಯನ್ನು ಕಾಲಿಗೆ ಸುತ್ತಿದರೆ ಮೇಲಿನ ಅಂಕಿ 110. ಆರೋಗ್ಯವಂತರ ಕಾಲಿನ ಬಿಪಿ ಕೈಯದಕ್ಕಿಂತ ತುಸು ಹೆಚ್ಚೇ ಇರಬೇಕು. ಇಲ್ಲಿ ಲೆಕ್ಕ ತಲೆಕೆಳಗಾಗಿದೆ.

ಈ ಎರಡನೇ ದಾರಿ ಹಿಡಿಯಲು ಅರ್ಧ ನಿಮಿಷ ಸಾಕು. ಇವತ್ತಿನ ಅಂಕಣ ಆ ಅರ್ಧ ನಿಮಿಷದ ಬಗ್ಗೆ.

ನಾಲೆ ಕಿರಿದಾದ ಜಾಗ

ಹೃದಯದ ಎಡಭಾಗದಿಂದ ಹೊರಡುವ ಮಹಾಪಧಮನಿ ನಮ್ಮ ದೇಹದ ಅತಿ ದೊಡ್ಡ ರಕ್ತನಾಳ. ವಯಸ್ಕರಲ್ಲಿ ಎರಡರಿಂದ ಮೂರು ಸೆಂಟಿಮೀಟರ್ ಅಗಲ. ಮೇಲಕ್ಕೇರಿ, ಊರುಗೋಲಿನ ಹಿಡಿಯ ಹಾಗೆ ಬಾಗಿ, ಬೆನ್ನುಮೂಳೆಯ ಮಗ್ಗುಲಲ್ಲಿ ಕೆಳಗಿಳಿಯುತ್ತದೆ. ಬಾಗಿದ ಜಾಗದಲ್ಲಿ ತಲೆಗೂ ಎರಡು ಕೈಗಳಿಗೂ ಕವಲುಗಳು ಒಡೆಯುತ್ತವೆ. ಕೊನೆಯ ಕವಲು ಎಡಗೈಗೆ ಹೋಗುವಂಥದ್ದು. ಅದನ್ನು ದಾಟಿದ ಕೂಡಲೇ, ಇಳಿಜಾರು ಶುರುವಾಗುವಲ್ಲಿ, ಕೆಲವರ ಮಹಾಪಧಮನಿ ಹುಟ್ಟಿನಿಂದಲೇ ಸೊಂಟಕ್ಕೆ ದಾರ ಬಿಗಿದಂತೆ ಕಿರಿದಾಗಿರುತ್ತದೆ. ವೈದ್ಯರು ಇದನ್ನು ‘ಕೋಆರ್ಕ್ಟೇಷನ್’ ಎನ್ನುತ್ತಾರೆ. ಒತ್ತಿ ಬಿಗಿಸು ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಹತ್ತು ಸಾವಿರ ಶಿಶುಗಳಲ್ಲಿ ಸುಮಾರು ನಾಲ್ಕಕ್ಕೆ ಈ ದೋಷವಿರುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು.

ಅಲ್ಲೇ ಯಾಕೆ? ಗರ್ಭದಲ್ಲಿರುವ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಶ್ವಾಸಕೋಶದ ಕಡೆಗೆ ಹೊರಟ ರಕ್ತದ ಬಹುಪಾಲು ಒಂದು ಅಡ್ಡನಾಳದ ಮೂಲಕ ಮಹಾಪಧಮನಿಗೆ ಹರಿದುಬಿಡುತ್ತದೆ. ಮಗು ಹುಟ್ಟಿ ಉಸಿರೆಳೆದ ಮೇಲೆ ಈ ಅಡ್ಡನಾಳಕ್ಕೆ ಕೆಲಸವಿಲ್ಲ. ಕೆಲವೇ ದಿನಗಳಲ್ಲಿ ಕುಗ್ಗಿ ಮುಚ್ಚಿಕೊಳ್ಳುತ್ತದೆ. ಅದು ಮಹಾಪಧಮನಿಯನ್ನು ಸೇರುವ ಜಾಗವೂ ಕಿರಿದಾಗುವ ಜಾಗವೂ ಹೆಚ್ಚುಕಡಿಮೆ ಒಂದೇ. ಅಡ್ಡನಾಳದ ಕುಗ್ಗುವ ಅಂಗಾಂಶ ಮಹಾಪಧಮನಿಯ ಗೋಡೆಯೊಳಗೂ ಹಬ್ಬಿದ್ದರೆ, ಅದು ಮುಚ್ಚುವಾಗ ಇದನ್ನೂ ಬಿಗಿಯುತ್ತದೆ ಎಂಬುದು ಒಂದು ವಿವರಣೆ. ಗರ್ಭದಲ್ಲಿ ಆ ತುಣುಕಿನ ಮೂಲಕ ರಕ್ತ ಸಾಕಷ್ಟು ಹರಿಯದೆ ಅದು ಬೆಳೆಯಲೇ ಇಲ್ಲ ಎಂಬುದು ಇನ್ನೊಂದು.

ತೀರ ಬಿಗಿಯಾದ ಕಿರಿದಾಗುವಿಕೆ ಬಚ್ಚಿಟ್ಟುಕೊಂಡು ಇರಲಾರದು. ಹುಟ್ಟಿದ ಮೊದಲ ವಾರಗಳಲ್ಲೇ ಮಗು ಹಾಲು ಬಿಡುತ್ತದೆ, ಏದುಸಿರು ಬಿಡುತ್ತದೆ, ತುರ್ತು ಚಿಕಿತ್ಸೆಯ ಪಾಲಾಗುತ್ತದೆ. ನಾನು ಹೇಳಹೊರಟಿರುವುದು ಆ ಜರಡಿಯಿಂದ ಜಾರಿ ದೊಡ್ಡವರಾದವರ ಬಗ್ಗೆ. ಅವರು ಬದುಕಿದ್ದು ಹೇಗೆ?

ನಾಲೆಯ ಬದುಕು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಂಬಿ ತುಳುಕುವಾಗ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದನ್ನು ನಾವು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ದೇಹದಲ್ಲಿ ಕೊನೆಭಾಗದ ರೈತರೆಂದರೆ ಮೂತ್ರಪಿಂಡಗಳು. ತಮಗೆ ಬರುವ ರಕ್ತದ ಒತ್ತಡ ಕಡಿಮೆಯಾದರೆ ದೇಹದಲ್ಲೇ ರಕ್ತ ಕಡಿಮೆಯಾಗಿದೆ ಎಂದು ಅವು ತಿಳಿಯುತ್ತವೆ. ನಡುವೆ ನಾಲೆ ಬಿಗಿದಿದೆ ಎಂಬುದು ಅವಕ್ಕೆ ಕಾಣದು. ರೆನಿನ್ ಎಂಬ ರಾಸಾಯನಿಕವನ್ನು ಸುರಿಸಿ, ರಕ್ತನಾಳಗಳನ್ನು ಬಿಗಿಸಿ, ಉಪ್ಪುನೀರನ್ನು ಹಿಡಿದಿಟ್ಟು ಒತ್ತಡ ಏರಿಸುತ್ತವೆ. ಏರಿದ ಒತ್ತಡದಲ್ಲಿ ತಮಗೆ ಬೇಕಾದಷ್ಟು ದಕ್ಕಿಸಿಕೊಳ್ಳುತ್ತವೆ ನಿಜ, ಆದರೆ ಮೇಲ್ಭಾಗದ ಮಿದುಳು, ಕೈ, ಹೃದಯ ಪ್ರವಾಹದಲ್ಲಿ ನಿಲ್ಲುತ್ತವೆ.

ಜೊತೆಗೆ ಇನ್ನೊಂದು ವ್ಯವಸ್ಥೆಯೂ ಬೆಳೆಯುತ್ತದೆ. ನಾಲೆ ಕಟ್ಟಿಕೊಂಡರೆ ನೀರು ಬದುಗಳ ಸಂದಿಯಲ್ಲಿ ದಾರಿ ಹುಡುಕುವಂತೆ, ರಕ್ತ ಎದೆಗೂಡಿನ ಸಣ್ಣಪುಟ್ಟ ಅಪಧಮನಿಗಳನ್ನು ಹಿಡಿದು ಕಿರಿದಾದ ಜಾಗವನ್ನು ಬಳಸಿಕೊಂಡು ಕೆಳಗೆ ಸೇರುತ್ತದೆ. ವರ್ಷಗಳು ಕಳೆದಂತೆ ಪಕ್ಕೆಲುಬುಗಳ ಕೆಳಗಿನ ಈ ನಾಳಗಳು ಉಬ್ಬಿ, ಹಾವಿನಂತೆ ಸುತ್ತಿಕೊಂಡು, ಎಲುಬನ್ನೇ ಸವೆಸುತ್ತವೆ. ದೊಡ್ಡವರ ಎದೆಯ ಎಕ್ಸ್‌ರೇಯಲ್ಲಿ ಪಕ್ಕೆಲುಬುಗಳ ಕೆಳ ಅಂಚು ಇಲಿ ಕಡಿದಂತೆ ಕಚ್ಚುಕಚ್ಚಾಗಿ ಕಾಣುತ್ತದೆ. ಅದು ಒಂದೆರಡು ವರ್ಷದಲ್ಲಿ ಬರುವ ಗುರುತಲ್ಲ. ಬಾಲ್ಯದಿಂದ ದೇಹ ತನ್ನ ಪಾಡಿಗೆ ತಾನು ಒದ್ದಾಡಿಕೊಂಡು ಬಂದದ್ದರ ಗುರುತು.

ಪ್ರವಾಹದ ಲೆಕ್ಕ

‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಡಾಕ್ಟ್ರೇ, ಈಗ ಯಾಕೆ ಮುಟ್ಟಬೇಕು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಬ್ರಿಟನ್ನಿನ ಹೃದ್ರೋಗ ತಜ್ಞ ಮಾರಿಸ್ ಕ್ಯಾಂಪ್‌ಬೆಲ್ 1970ರಲ್ಲಿ ಕೊಟ್ಟಿದ್ದಾರೆ. ಶಸ್ತ್ರಚಿಕಿತ್ಸೆ ಕಾಣದ ರೋಗಿಗಳ ದಾಖಲೆಗಳನ್ನು ಅವರು ಒಟ್ಟುಗೂಡಿಸಿ ನೋಡಿದಾಗ, ಶೈಶವ ದಾಟಿ ಬದುಕಿದವರು ಸತ್ತ ಸರಾಸರಿ ವಯಸ್ಸು 34. ಸಾವು ನಾಲ್ಕು ಬಾಗಿಲಿನಿಂದ ಬರುತ್ತಿತ್ತು: ಒತ್ತಡದ ವಿರುದ್ಧ ದುಡಿದು ದಣಿದ ಹೃದಯದ ವೈಫಲ್ಯ, ಮಹಾಪಧಮನಿ ಒಡೆಯುವುದು, ಹೃದಯದ ಒಳಪದರಕ್ಕೆ ಸೋಂಕು, ಮಿದುಳಿನಲ್ಲಿ ರಕ್ತಸ್ರಾವ.

ಏಕೆಂದರೆ ಈ ದೋಷ ಒಂಟಿಯಾಗಿ ಬರುವುದು ಅಪರೂಪ. ಮೂರು ಎಸಳಿರಬೇಕಾದ ಮಹಾಪಧಮನಿಯ ಕವಾಟಕ್ಕೆ ಎರಡೇ ಎಸಳಿರುವುದು ಇಂಥವರಲ್ಲಿ ಅರ್ಧಕ್ಕೂ ಹೆಚ್ಚು ಜನರಲ್ಲಿ ಕಾಣುತ್ತದೆ. ಸುಮಾರು ಹತ್ತರಲ್ಲಿ ಒಬ್ಬರ ಮಿದುಳಿನ ರಕ್ತನಾಳದಲ್ಲಿ ಸಣ್ಣ ಉಬ್ಬು ಇರುತ್ತದೆ. ಸೈಕಲ್ ಟ್ಯೂಬಿನ ಸವೆದ ಜಾಗ ಉಬ್ಬುತ್ತದಲ್ಲ, ಹಾಗೆ. ಹೆಣ್ಣುಮಕ್ಕಳಲ್ಲಿ ಈ ದೋಷ ಕಂಡರೆ ಟರ್ನರ್ ಸಿಂಡ್ರೋಮ್ ಇದೆಯೇ ಎಂದೂ ನೋಡಬೇಕು. ಕುಳ್ಳಗಿದ್ದು, ವಯಸ್ಸಿಗೆ ಬಂದರೂ ಮೈನೆರೆಯದ ಹುಡುಗಿಯರಲ್ಲಿ ಇರುವ ವರ್ಣತಂತುವಿನ ಕೊರತೆ ಅದು. ಗರ್ಭಧಾರಣೆಗೆ ಮೊದಲೇ ಮಹಾಪಧಮನಿಯ ಈ ಬಿಗಿ ಗೊತ್ತಾಗಬೇಕು. ಬಿಗಿ ತೆಗೆಸದೆ ಗರ್ಭಿಣಿಯಾದರೆ ತಾಯಿಯ ಮಹಾಪಧಮನಿಗೂ ಮಿದುಳಿಗೂ ಅಪಾಯ, ಮಗುವಿಗೆ ಹೋಗುವ ರಕ್ತವೂ ಕಡಿಮೆ.

ಮಾತ್ರೆಯೊಂದೇ ಸಾಲದೇ? ಸಾಲದು. ಮಾತ್ರೆಯಿಂದ ಕೈಯ ಬಿಪಿಯನ್ನು 120ಕ್ಕೆ ಇಳಿಸಿದರೆ ಮೊದಲೇ ಬರದಲ್ಲಿದ್ದ ಕೆಳಭಾಗಕ್ಕೆ ಇನ್ನಷ್ಟು ಬರ. ಕೆಲವು ಮಾತ್ರೆಗಳಿಂದ ಮೂತ್ರಪಿಂಡದ ಕೆಲಸವೇ ಕುಸಿಯಬಹುದು. ನಾಲೆಯೊಳಗೆ ಬಂಡೆ ಕೂತಿರುವಾಗ ಮೇಲಿನ ಗೇಟು ತಗ್ಗಿಸಿ ಏನು ಫಲ? ಬಂಡೆ ತೆಗೆಯಬೇಕು.

ಸ್ಟಾಕ್‌ಹೋಮಿನ ರೈತ

ಆ ಬಂಡೆಯನ್ನು ಮೊದಲು ತೆಗೆದದ್ದು ಸ್ವೀಡನ್ನಿನ ಶಸ್ತ್ರವೈದ್ಯ ಕ್ಲಾರೆನ್ಸ್ ಕ್ರಾಫೋರ್ಡ್, 1944ರ ಅಕ್ಟೋಬರಿನಲ್ಲಿ, ಸ್ಟಾಕ್‌ಹೋಮಿನಲ್ಲಿ. ಅಲ್ಲಿಯವರೆಗೆ ಎಲ್ಲರನ್ನೂ ತಡೆದಿದ್ದದ್ದು ಒಂದೇ ಭಯ: ಹೊಲಿಯುವಷ್ಟು ಹೊತ್ತು ಮಹಾಪಧಮನಿಯನ್ನು ಚಿಮುಟದಲ್ಲಿ ಹಿಡಿದರೆ ಬೆನ್ನುಹುರಿಗೆ ರಕ್ತವಿಲ್ಲದೆ ರೋಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳುವುದಿಲ್ಲವೇ? ಕ್ರಾಫೋರ್ಡ್‌ಗೆ ಉತ್ತರ ಸಿಕ್ಕಿದ್ದು ಬೇರೊಂದು ಶಸ್ತ್ರಚಿಕಿತ್ಸೆಯ ಅವಘಡದಲ್ಲಿ. ಮುಚ್ಚದೆ ಉಳಿದ ಅಡ್ಡನಾಳವನ್ನು ಕಟ್ಟುವಾಗ ರಕ್ತ ಚಿಮ್ಮಿ, ಅದನ್ನು ತಡೆಯಲು ಅವರು ಮಹಾಪಧಮನಿಯನ್ನೇ ಅರ್ಧ ಗಂಟೆಯ ಹತ್ತಿರ ಹಿಡಿದಿಡಬೇಕಾಯಿತು. ರೋಗಿಗೆ ಏನೂ ಆಗಲಿಲ್ಲ. ಕಿರಿದಾದ ಮಹಾಪಧಮನಿ ಇರುವವರಿಗಂತೂ ಪಕ್ಕೆಯ ಬಳಸುದಾರಿಗಳು ಮೊದಲೇ ಸಿದ್ಧವಾಗಿರುತ್ತವೆ, ಅವರು ಇನ್ನೂ ಚೆನ್ನಾಗಿ ತಡೆದುಕೊಂಡಾರು ಎಂದು ಅವರು ತರ್ಕಿಸಿದರು. ತರ್ಕ ನಿಜವಾಯಿತು.

ಅವರ ಮೊದಲ ರೋಗಿ ಹನ್ನೆರಡು ವರ್ಷದ ಬಾಲಕ. ಹನ್ನೆರಡು ದಿನಗಳ ನಂತರ ಮೇಜಿನ ಮೇಲೆ ಮಲಗಿದ ಎರಡನೆಯವನು 27 ವರ್ಷದ ರೈತ. ಕಿರಿದಾದ ತುಣುಕನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಸೇರಿಸಿ ಹೊಲಿದರು. ಮರುವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಕೂಡ ಇದನ್ನು ಮಾಡಿ ತೋರಿಸಿದರು. ಹುಟ್ಟಿನ ದೋಷವೆಂದರೆ ಮಕ್ಕಳ ವೈದ್ಯರ ಪಾಲು ಎಂದುಕೊಳ್ಳುವವರು ಆ ರೈತನನ್ನು ನೆನೆಯಬೇಕು. ವಯಸ್ಕರ ಚಿಕಿತ್ಸೆ ಈ ಕಥೆಗೆ ಆಮೇಲೆ ಸೇರಿಸಿದ ಅಧ್ಯಾಯವಲ್ಲ, ಎರಡನೇ ರೋಗಿಯಿಂದಲೇ ಇದೆ.

ತೊಡೆಯಿಂದ ಎದೆಗೆ

ಇವತ್ತು ಅನುಮಾನ ಬಂದ ಕೂಡಲೇ ಎಕೋ ಮಾಡಿಸುತ್ತಾರೆ. ಆದರೆ ದೊಡ್ಡವರ ಎದೆಯಲ್ಲಿ ಆ ಮೂಲೆ ಎಕೋ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಹೀಗಾಗಿ ಸಿ.ಟಿ. ಅಥವಾ ಎಂಆರ್‌ಐ ಸ್ಕ್ಯಾನಿನಲ್ಲಿ ಇಡೀ ಮಹಾಪಧಮನಿಯ ನಕ್ಷೆ ತೆಗೆಯುತ್ತಾರೆ. ಎಲ್ಲಿ, ಎಷ್ಟು ಉದ್ದ, ಎಷ್ಟು ಬಿಗಿ, ಅಕ್ಕಪಕ್ಕ ಉಬ್ಬು ಇದೆಯೇ ಎಲ್ಲವೂ ಅದರಲ್ಲಿ ಗೊತ್ತಾಗುತ್ತದೆ. ಭಾರತದಲ್ಲಿ ಇನ್ನೊಂದು ಎಚ್ಚರವೂ ಬೇಕು. ಟಕಯಾಸು ಕಾಯಿಲೆ ಎಂಬ ರಕ್ತನಾಳದ ಉರಿಯೂತ ನಮ್ಮಲ್ಲಿ, ಅದರಲ್ಲೂ ಯುವತಿಯರಲ್ಲಿ, ಮಹಾಪಧಮನಿಯನ್ನು ಹೀಗೆಯೇ ಕಿರಿದಾಗಿಸುತ್ತದೆ. 1908ರಲ್ಲಿ ಇದನ್ನು ವರದಿ ಮಾಡಿದ ಜಪಾನಿನ ಕಣ್ಣಿನ ವೈದ್ಯರ ಹೆಸರೇ ಕಾಯಿಲೆಗೂ ಬಂದಿದೆ. ಅದು ಹುಟ್ಟಿನಿಂದ ಬಂದದ್ದಲ್ಲ. ಉರಿಯೂತ ಆರುವ ಮೊದಲೇ ಬಲೂನು ಹಾಕಲು ಹೊರಟರೆ ಎಡವಟ್ಟಾಗುತ್ತದೆ.

ಯಾರಿಗೆ ಬಿಗಿ ಬಿಡಿಸಬೇಕು? ಕಿರಿದಾದ ಜಾಗದ ಮೇಲ್ಗಡೆಗೂ ಕೆಳಗಡೆಗೂ 20 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡದ ವ್ಯತ್ಯಾಸವಿದ್ದು ಬಿಪಿ ಏರಿದ್ದರೆ ಚಿಕಿತ್ಸೆ ಬೇಕು ಎಂಬುದು ಜಗತ್ತಿನ ತಜ್ಞರು ಒಪ್ಪಿದ ಅಳತೆ. ಆದರೆ ಅಂಕಿಯನ್ನೇ ಕುರುಡಾಗಿ ನಂಬುವಂತಿಲ್ಲ. ಬಳಸುದಾರಿಗಳು ಚೆನ್ನಾಗಿ ಬೆಳೆದವರಲ್ಲಿ ವ್ಯತ್ಯಾಸ ಕಡಿಮೆ ಕಾಣಬಹುದು, ಬಿಗಿ ಮಾತ್ರ ಗಟ್ಟಿಯಾಗಿಯೇ ಇರುತ್ತದೆ.

ವಯಸ್ಕರಲ್ಲಿ ಈಗ ಮೊದಲ ಆಯ್ಕೆ ಬಹುಪಾಲು ಸ್ಟೆಂಟ್. ಹೃದಯಾಘಾತವಾದವರಿಗೆ ಹಾಕುವ ಸ್ಟೆಂಟ್ ನಮ್ಮ ಊರುಗಳಲ್ಲಿ ಮನೆಮಾತು. ಇದು ಅದರ ದೊಡ್ಡಪ್ಪ. ಹೃದಯದ ನಾಳದ ಸ್ಟೆಂಟ್ ಸುಮಾರು ಮೂರು ಮಿಲಿಮೀಟರ್ ಅಗಲವಾದರೆ, ಮಹಾಪಧಮನಿಯದು ಹಿಗ್ಗಿದಾಗ ಹದಿನೈದು, ಇಪ್ಪತ್ತು ಮಿಲಿಮೀಟರ್. ಹಾಗಾಗಿ ಮಣಿಕಟ್ಟಿನ ಕಿರಿದಾದ ನಾಳ ಸಾಲದು, ತೊಡೆಸಂದಿನಿಂದಲೇ ಒಳಹೋಗಬೇಕು. ತಂತಿಯೊಂದನ್ನು ಕಿರಿದಾದ ಜಾಗ ದಾಟಿಸಿ, ಅದರ ಮೇಲೆ ಬಲೂನಿಗೆ ಬಿಗಿದ ಲೋಹದ ಜಾಲರಿಯನ್ನು ಒಯ್ಯುತ್ತಾರೆ. ಹಲವು ಕಡೆ ಬಳಸುವುದು ಬಲೂನಿನೊಳಗೊಂದು ಬಲೂನು. ಮೊದಲು ಒಳಗಿನದನ್ನು ಉಬ್ಬಿಸಿ ಜಾಲರಿ ಸರಿಯಾದ ಜಾಗದಲ್ಲಿದೆಯೇ ನೋಡಿ, ಆಮೇಲೆ ಹೊರಗಿನದನ್ನು ಉಬ್ಬಿಸುತ್ತಾರೆ. ಹೃದಯದಿಂದ ಬರುವ ರಕ್ತದ ರಭಸ ಬಲೂನನ್ನು ಕೆಳಕ್ಕೆ ತಳ್ಳದಿರಲಿ ಎಂದು, ಆ ಕೆಲವು ಸೆಕೆಂಡು ಹೃದಯವನ್ನು ತಂತಿಯ ಮೂಲಕ ಅತಿವೇಗವಾಗಿ ಬಡಿಯುವಂತೆ ಮಾಡುವುದೂ ಉಂಟು. ಬಲೂನು ಇಳಿಸಿ ಹೊರತೆಗೆದ ಮೇಲೆ ಜಾಲರಿ ಅಲ್ಲೇ ಉಳಿದು ನಾಳವನ್ನು ಎತ್ತಿಹಿಡಿಯುತ್ತದೆ. ತೊಡೆಯ ನಾಡಿ ಅದೇ ದಿನ ತುಂಬಿಕೊಂಡು ಬಡಿಯುತ್ತದೆ.

ಬರೀ ಬಲೂನಿನಿಂದ ಹಿಗ್ಗಿಸುವ ಪದ್ಧತಿ 1980ರ ದಶಕದ ಆರಂಭದಲ್ಲಿ ಬಂದಿತ್ತು. ಆದರೆ ಹಿಗ್ಗಿಸಿದ್ದು ಮತ್ತೆ ಕುಗ್ಗುವುದು, ಹರಿದ ಒಳಪದರ ಮುಂದೆ ಉಬ್ಬಾಗುವುದು ಅದರ ತೊಂದರೆ. 1990ರ ದಶಕದಲ್ಲಿ ಸ್ಟೆಂಟ್ ಬಂದ ಮೇಲೆ ಇವೆರಡೂ ಕಡಿಮೆಯಾದವು. ವಯಸ್ಸಾದವರ ಮಹಾಪಧಮನಿ ಸುಣ್ಣಗಟ್ಟಿ ಪೆಡಸಾಗಿರುತ್ತದೆ, ಎಳೆದರೆ ಹರಿಯಬಹುದು. ಅಂಥವರಿಗೆ ಬಟ್ಟೆಯಂಥ ತೆಳುಪದರ ಹೊದಿಸಿದ ಸ್ಟೆಂಟ್ ಹಾಕುತ್ತಾರೆ. ಗೋಡೆ ಒಳಗೆ ಸೀಳಿದರೂ ರಕ್ತ ಹೊರಚೆಲ್ಲದು. ತೀರ ಬಿಗಿ ಇದ್ದರೆ ಒಂದೇ ಏಟಿಗೆ ಪೂರ್ತಿ ತೆರೆಯುವ ಆಸೆಗೆ ಬೀಳದೆ, ಅರ್ಧ ತೆರೆದು ಕೆಲವು ತಿಂಗಳ ಬಳಿಕ ಮತ್ತೆ ಕರೆಸಿ ಉಳಿದದ್ದನ್ನು ತೆರೆಯುವುದು ಜಾಣತನ.

ಶಸ್ತ್ರಚಿಕಿತ್ಸೆ ಮೂಲೆಗೆ ಸರಿದಿಲ್ಲ. ಮಹಾಪಧಮನಿಯ ಬಾಗಿದ ಭಾಗವೇ ಸಣ್ಣದಾಗಿದ್ದರೆ, ಪಕ್ಕದಲ್ಲಿ ದೊಡ್ಡ ಉಬ್ಬು ಇದ್ದರೆ, ಕವಾಟವನ್ನೂ ಬದಲಿಸಬೇಕಿದ್ದರೆ ಎದೆ ತೆರೆಯಲೇಬೇಕು. ವಯಸ್ಕರಲ್ಲಿ ಇದು ಮಕ್ಕಳಿಗಿಂತ ಕಷ್ಟದ ಕೆಲಸ. ಜೀವ ಉಳಿಸಿದ ಆ ಬಳಸುದಾರಿಗಳೇ ಈಗ ಅಡ್ಡಬರುತ್ತವೆ, ಎದೆಗೋಡೆಯನ್ನು ಸೀಳುವಾಗ ಪ್ರತಿ ಪದರದಲ್ಲೂ ಉಬ್ಬಿದ ನಾಳ. ಬಿಗಿತುಣುಕನ್ನು ಕತ್ತರಿಸಿದರೆ ಎರಡು ತುದಿಗಳು ಮಗುವಿನಲ್ಲಾದಂತೆ ಸುಲಭವಾಗಿ ಕೂಡಿಬರುವುದಿಲ್ಲ. ನಡುವೆ ಡೇಕ್ರಾನ್ ನೂಲಿನ ಕೃತಕ ನಾಳ ಸೇರಿಸಬೇಕು, ಇಲ್ಲವೇ ಮೇಲಿನಿಂದ ಕೆಳಕ್ಕೆ ಹೊಸ ಬೈಪಾಸು ನಾಳ ಹೊಲಿಯಬೇಕು. ಕ್ರಾಫೋರ್ಡ್ ಕಾಲದ ಬೆನ್ನುಹುರಿಯ ಭಯ ಇವತ್ತಿಗೂ ಪೂರ್ತಿ ಹೋಗಿಲ್ಲ, ಆದರೆ ನೂರರಲ್ಲಿ ಒಬ್ಬರಿಗೂ ಆಗದಷ್ಟು ಅಪರೂಪವಾಗಿದೆ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಗಳಲ್ಲಿ ಈ ಚಿಕಿತ್ಸೆಗಳು ಲಭ್ಯ. ಆದರೆ ಸ್ಟೆಂಟ್ ಹಾಕುವವರೆಲ್ಲ ಈ ಸ್ಟೆಂಟ್ ಹಾಕುವವರಲ್ಲ. ಹುಟ್ಟಿನ ಹೃದಯದೋಷದಲ್ಲಿ ಪಳಗಿದ ತಂಡ, ಪಕ್ಕದಲ್ಲೇ ಸಿದ್ಧವಾಗಿರುವ ಶಸ್ತ್ರವೈದ್ಯರು ಇರುವ ಕಡೆಗೆ ಹೋಗಬೇಕು.

ರಿಪೇರಿ ಆಯಿತು, ಮುಗಿಯಲಿಲ್ಲ

ಹೆಚ್ಚಿನವರು ಎಡವುವುದು ಇಲ್ಲಿ. ‘ಸ್ಟೆಂಟ್ ಹಾಕಿಸಿಕೊಂಡು ಹತ್ತು ವರ್ಷ ಆಯ್ತು, ಈಗೇನೂ ಇಲ್ಲ’ ಎಂದು ಮಾತ್ರೆ ಬಿಟ್ಟು, ಆಸ್ಪತ್ರೆಯ ಕಡೆ ತಲೆಹಾಕದವರು. ಬಾಲ್ಯದಲ್ಲಿ ಆಪರೇಷನ್ ಆಗಿದ್ದು, ಫೈಲು ಅಟ್ಟದ ಮೇಲಿನ ಟ್ರಂಕಿನಲ್ಲಿ ಗೆದ್ದಲು ತಿಂದು, ಬೆನ್ನಿನ ಎಡಗಡೆಯ ಉದ್ದನೆಯ ಗಾಯದ ಗುರುತು ಯಾಕೆ ಬಂತೆಂದು ತಮಗೇ ಗೊತ್ತಿಲ್ಲದವರು.

ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 1946ರಿಂದ 1981ರವರೆಗೆ ಶಸ್ತ್ರಚಿಕಿತ್ಸೆಗೊಳಗಾದ 646 ಮಂದಿಯನ್ನು ಹಿಂಬಾಲಿಸಿ 1989ರಲ್ಲಿ ವರದಿ ಬಂತು. ಹತ್ತು ವರ್ಷದ ಬಳಿಕ ನೂರಕ್ಕೆ 91 ಮಂದಿ ಬದುಕಿದ್ದರು. ಇಪ್ಪತ್ತು ವರ್ಷದ ಬಳಿಕ 84. ಮೂವತ್ತರ ಬಳಿಕ 72. ಯಶಸ್ವಿ ಎನಿಸಿಕೊಂಡ ಆಪರೇಷನ್ ಆದ ಮೇಲೂ ಮುಂದೆ ತೀರಿಕೊಂಡವರ ಸರಾಸರಿ ವಯಸ್ಸು 38, ಅವರಲ್ಲಿ ಹೃದಯದ ರಕ್ತನಾಳದ ಕಾಯಿಲೆಯೇ ಮುಖ್ಯ ಕಾರಣ. ಚಿಕ್ಕ ವಯಸ್ಸಿನಲ್ಲಿ ಸರಿಪಡಿಸಿಕೊಂಡವರು ಹೆಚ್ಚು ಬಾಳಿದರು. ವರ್ಷಗಟ್ಟಲೆ ಪ್ರವಾಹ ಕಂಡ ನಾಳಗಳ ಗೋಡೆ ಒಳಗೇ ಪೆಡಸಾಗಿಬಿಟ್ಟಿರುತ್ತದೆ. ಬಂಡೆ ತೆಗೆದ ದಿನವೇ ಅದು ಮೆತ್ತಗಾಗುವುದಿಲ್ಲ. ಅಂದಿನ ಆ ಅಂಕಿಗಳಿಗಿಂತ ಇಂದಿನ ಔಷಧ, ಸ್ಕ್ಯಾನು, ಸ್ಟೆಂಟುಗಳ ಕಾಲ ಮೇಲು ಎಂದು ನಂಬಬಹುದು. ಆದರೆ ಆ ವರದಿಯ ಪಾಠ ಹಳತಾಗಿಲ್ಲ.

ಆದ್ದರಿಂದ ಚಿಕಿತ್ಸೆಯಾದವರಿಗೆ ನಾನು ಹೇಳುವುದು ಇಷ್ಟು. ವರ್ಷಕ್ಕೊಮ್ಮೆಯಾದರೂ ಹೃದ್ರೋಗ ತಜ್ಞರನ್ನು ಕಾಣಿ. ಕೂತಾಗ ಸರಿಯಿರುವ ಬಿಪಿ ನಡೆದಾಗ, ಮೆಟ್ಟಿಲು ಹತ್ತಿದಾಗ ಜಿಗಿಯಬಹುದು, ಅದನ್ನೂ ಪರೀಕ್ಷಿಸಿಕೊಳ್ಳಿ. ಮೂರರಿಂದ ಐದು ವರ್ಷಕ್ಕೊಮ್ಮೆ ಸಿ.ಟಿ. ಅಥವಾ ಎಂಆರ್‌ಐ ಮಾಡಿಸಿದರೆ ಮತ್ತೆ ಬಿಗಿಯುತ್ತಿದೆಯೇ, ಉಬ್ಬು ಬರುತ್ತಿದೆಯೇ ಎಂದು ತಿಳಿಯುತ್ತದೆ. ನಡಿಗೆ, ಈಜು, ಸೈಕಲ್ಲು ಒಳ್ಳೆಯದು. ಜಿಮ್ಮಿನಲ್ಲಿ ಉಸಿರು ಬಿಗಿಹಿಡಿದು ಭಾರ ಎತ್ತುವುದು ವೈದ್ಯರನ್ನು ಕೇಳದೆ ಬೇಡ. ಉಪ್ಪಿನಕಾಯಿ, ಹಪ್ಪಳದ ಕೈ ಸ್ವಲ್ಪ ಬಿಗಿ ಇರಲಿ. ಬೀಡಿ ಸಿಗರೇಟು ಖಂಡಿತ ಬೇಡ. ಫೈಲಿನ ಮೊದಲ ಪುಟದ ಫೋಟೊ ಮೊಬೈಲಿನಲ್ಲಿರಲಿ.

ಚಿಕಿತ್ಸೆಯಾಗದವರಿಗೆ, ಅಂದರೆ ಇನ್ನೂ ತಮಗೆ ಗೊತ್ತೇ ಇಲ್ಲದವರಿಗೆ, ಹೇಳುವುದು ಇನ್ನೂ ಕಡಿಮೆ. ನಲವತ್ತರೊಳಗೆ ಬಿಪಿ ಬಂದರೆ, ‘ಕಾಲಿನ ಬಿಪಿಯನ್ನೂ ನೋಡ್ತೀರಾ ಸಾರ್?’ ಎಂದು ಕೇಳಿ. ತೊಡೆಸಂದಿಗೆ ಕೈಯಿಡಲು ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಪರದೆಯಿಲ್ಲ, ಪುರುಸೊತ್ತಿಲ್ಲ, ರೋಗಿಗೂ ನಾಚಿಕೆ. ನಮ್ಮಲ್ಲಿ ಈ ಪರೀಕ್ಷೆ ಬಿಟ್ಟುಹೋಗುವುದಕ್ಕೆ ಅಜ್ಞಾನಕ್ಕಿಂತ ಈ ಸಂಕೋಚವೇ ದೊಡ್ಡ ಕಾರಣವೆಂದು ನನ್ನ ಅನಿಸಿಕೆ. ಪರವಾಗಿಲ್ಲ, ಪ್ಯಾಂಟು ಮೊಣಕಾಲವರೆಗೆ ಮಡಚಿ ಅದೇ ಪಟ್ಟಿಯನ್ನು ಕಣಕಾಲಿಗೆ ಸುತ್ತಿದರೂ ಗುಟ್ಟು ಹೊರಬೀಳುತ್ತದೆ.

ಇನ್ನೊಂದು ಮಾತು. ಬಿಪಿ ನೋಡುವವರು ಕೈಗೆ ಸಿಕ್ಕಿದ ತೋಳಿಗೆ ಪಟ್ಟಿ ಸುತ್ತುವುದು ರೂಢಿ. ಈ ರೋಗಿಗಳಲ್ಲಿ ಅದು ಸಲ್ಲದು. ಎಡಗೈಯ ಕವಲು ಬಿಗಿಯಾದ ಜಾಗಕ್ಕೆ ಅಂಟಿಕೊಂಡೇ ಹುಟ್ಟುತ್ತದೆ. ಕೆಲವರಲ್ಲಿ ಅದರ ಬಾಯಿಯೂ ಕಿರಿದು. ಹಳೆಯ ಒಂದು ಶಸ್ತ್ರಚಿಕಿತ್ಸೆಯಲ್ಲಂತೂ ಆ ಕವಲನ್ನೇ ಸೀಳಿ ಮಹಾಪಧಮನಿಗೆ ತೇಪೆ ಹಾಕುತ್ತಿದ್ದರು. ಅಂಥವರ ಎಡಗೈಯಲ್ಲಿ ಬಿಪಿ ನೋಡಿ ‘ನಾರ್ಮಲ್ ಇದೆ, ಹೋಗಿ’ ಎಂದರೆ ಪ್ರವಾಹವನ್ನು ಕೊನೆಭಾಗದಲ್ಲಿ ನಿಂತು ಅಳೆದಂತೆ. ನರ್ಸಮ್ಮ ಪಟ್ಟಿ ಹಿಡಿದು ಬಂದಾಗ ನೀವೇ ಅಂಗಿಯ ತೋಳು ಮಡಚಿ ಮುಂದೆ ಚಾಚಿ, ಬಲಗೈಯನ್ನು.